ತೇವಮಾಪಕಗಳ ಸುಳ್ಳೂ ನಿಜವೂ

ಹೊಲದಲ್ಲಿ ಐದು ತೇವಮಾಪಕಗಳನ್ನು ಹೂಳಿರುವ ರೈತನಿಗೆ ನಾಲ್ಕು ಮಾಪಕಗಳು ಒಂದು ಮಾತನ್ನೂ, ಐದನೆಯದು ಬೇರೊಂದು ಮಾತನ್ನೂ ಹೇಳಿದರೆ, ಅವನು ಯಾವುದನ್ನು ನಂಬಿ ನೀರು ಕಟ್ಟಬೇಕು? ಮೈಸೂರಿನ ಸುತ್ತಣ ಕೆಂಪು ಭೂಮಿಯಲ್ಲಿ ತೇವವು ಬೇಗನೆ ಆರುವುದರಿಂದ ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಇಂತಹ ಯಂತ್ರಗಳ ಸಾಕ್ಷ್ಯವನ್ನು ತೂಗಿ ನೋಡುವ ವಿಧಾನವನ್ನು ಕಂಡುಹಿಡಿದವರಲ್ಲಿ ನಮ್ಮ ನಾಡಿನಲ್ಲಿ ಓದಿದ ಪ್ರೊಫೆಸರ್ ಎಸ್. ಸೀತಾರಾಮ ಅಯ್ಯಂಗಾರ್ಯರು ಒಬ್ಬರು.

1947ರಲ್ಲಿ ಜನಿಸಿದ ಇವರು 1968ರಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಿಂದ ಪದವಿಯನ್ನು ಪಡೆದರು. 1917ರಲ್ಲಿ ಸ್ಥಾಪಿತವಾದ ಆ ಕಾಲೇಜು 1964ರ ವರೆಗೆ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ತರುವಾಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ 1970ರಲ್ಲಿ ಉನ್ನತ ಪದವಿಯನ್ನೂ, ಅಮೆರಿಕಾ ದೇಶದ ಮಿಸಿಸಿಪಿ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ 1974ರಲ್ಲಿ ಡಾಕ್ಟರ್ ಪದವಿಯನ್ನೂ ಸಂಪಾದಿಸಿದರು. ಲೂಯಿಸಿಯಾನದಲ್ಲಿ ಬಹುಕಾಲ ಗಣಕಶಾಸ್ತ್ರ ವಿಭಾಗದ ಅಧ್ಯಕ್ಷರಾಗಿದ್ದು, 2011ರಲ್ಲಿ ಫ್ಲಾರಿಡಾಕ್ಕೆ ತೆರಳಿದರು. ಅಪರಿಚಿತ ನೆಲದಲ್ಲಿ ಯಂತ್ರವು ತಾನೇ ದಾರಿಯನ್ನು ಕಲಿತು ನಡೆಯುವುದು ಹೇಗೆಂಬ ವಿಷಯದಲ್ಲಿ ಇವರು 1980ರ ದಶಕದಲ್ಲಿ ಸಹೋದ್ಯೋಗಿಗಳೊಡನೆ ಸಂಶೋಧನೆ ನಡೆಸಿದರು. ಈಗ ಕೃತಕ ಬುದ್ಧಿಮತ್ತೆಯೆಂದು ಕರೆಯುವ ವಿದ್ಯೆಗೆ ಈ ಸಂಶೋಧನೆಯೂ ಸೇರಿದುದೇ.

1996ರಲ್ಲಿ ರಿಚರ್ಡ್ ಬ್ರೂಕ್ಸರೊಡನೆ ಇವರು ಪ್ರಕಟಿಸಿದ ಕ್ರಮವು ಇಬ್ಬರ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ಅದರ ಮರ್ಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಯಾವ ಮಾಪಕವೂ ಒಂದೇ ಅಂಕಿಯನ್ನು ಹೇಳದೆ, ತನಗೆ ಸಂಭವಿಸಬಹುದಾದ ತಪ್ಪನ್ನೂ ಸೇರಿಸಿಕೊಂಡು ಎರಡು ಮೇರೆಗಳನ್ನು ಹೇಳತಕ್ಕದ್ದು. ಮೊದಲನೆಯದು ತೇವವು ಶೇಕಡ 18ರಿಂದ 22, ಎರಡನೆಯದು 19ರಿಂದ 23, ಮೂರನೆಯದು 20ರಿಂದ 24, ನಾಲ್ಕನೆಯದು 17ರಿಂದ 21 ಎನ್ನುತ್ತವೆ. ತಂತಿ ಕೆಟ್ಟಿರುವ ಐದನೆಯದು 34ರಿಂದ 38 ಎನ್ನುತ್ತದೆ. ಐದರ ನಡುವಣ ಅಂಕಿಗಳನ್ನು ಕೂಡಿಸಿ ಭಾಗಿಸಿದರೆ ಸರಾಸರಿಯು 23.6 ಬರುವುದು. ತೇವವು 22ಕ್ಕೆ ಇಳಿದಾಗ ನೀರು ಕಟ್ಟಬೇಕೆಂದು ನಿಶ್ಚಯಿಸಿದ್ದ ರೈತನು ಈ ಲೆಕ್ಕವನ್ನು ನಂಬಿ ಸುಮ್ಮನೆ ಕುಳಿತರೆ ಪೈರು ಬಾಡುವುದು. ಒಂದು ಕೆಟ್ಟ ಮಾಪಕವು ನಾಲ್ಕು ಒಳ್ಳೆಯವುಗಳ ಮಾತನ್ನು ಕೆಡಿಸಿತು! ಬ್ರೂಕ್ಸ್ ಮತ್ತು ಅಯ್ಯಂಗಾರ್ಯರ ಕ್ರಮದಲ್ಲಾದರೋ, ಕೆಟ್ಟಿರಬಹುದಾದದ್ದು ಒಂದೆಂದು ಎಣಿಸಿ, ಕಡಮೆಯೆಂದರೆ ನಾಲ್ಕು ಮಾಪಕಗಳು ಒಪ್ಪುವ ಭಾಗವನ್ನು ಮಾತ್ರ ಗ್ರಹಿಸುತ್ತಾರೆ. ಅದು 20ರಿಂದ 21. ಅದರ ಮಧ್ಯವು 20.5. ನೀರು ಕಟ್ಟಲೇಬೇಕು.

ಮಾಪಕಗಳು ಒಂದಕ್ಕೊಂದು ವರದಿ ಕಳುಹಿಸುವ ಏರ್ಪಾಡಿನಲ್ಲಿ ಕೆಟ್ಟದ್ದು ಒಬ್ಬರಿಗೊಂದು ಒಬ್ಬರಿಗೊಂದು ಹೇಳುವುದೂ ಉಂಟು. ಆದಕಾರಣ ಕೆಟ್ಟವುಗಳ ಸಂಖ್ಯೆಯು ಒಟ್ಟಿನ ಮೂರನೆಯ ಒಂದು ಪಾಲಿಗಿಂತ ಕಡಮೆಯಿರಬೇಕು. ಒಂದರ ಕೇಡನ್ನು ಸಹಿಸಬೇಕಾದರೆ ನಾಲ್ಕಾದರೂ ಬೇಕು.

ಇಂತಹ ಉಪಕರಣಗಳು ಕನ್ನಡ ನಾಡಿನ ಹೊಲಕ್ಕೂ ಬಂದದ್ದುಂಟು. ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯವರೂ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನವರೂ ಕೂಡಿ, ಮಳೆಯನ್ನೇ ನಂಬಿದ ಕಡಲೇಕಾಯಿ ಬೇಸಾಯಗಾರರಿಗಾಗಿ 2000ರ ದಶಕದಲ್ಲಿ ತಂತಿಯಿಲ್ಲದ ಸಂವೇದಕಗಳ ಜಾಲವನ್ನು ಹೊಲದಲ್ಲಿ ನಿಲ್ಲಿಸಿ ಪರೀಕ್ಷಿಸಿದರು. ಅದು ಅಯ್ಯಂಗಾರ್ಯರ ಪ್ರಯೋಗವಲ್ಲ. ಆದರೆ ಬಿಸಿಲು, ಧೂಳು, ತೀರಿಹೋಗುವ ಬ್ಯಾಟರಿ ಇವುಗಳ ನಡುವೆ ಯಂತ್ರದ ಮಾತನ್ನು ಎಷ್ಟು ನಂಬಬಹುದೆಂಬ ಪ್ರಶ್ನೆಯು ಎಲ್ಲ ಹೊಲಗಳಲ್ಲಿಯೂ ಒಂದೇ.

ಮಾಪಕಗಳನ್ನು ಕೊಳ್ಳುವ ರೈತರು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಎಲ್ಲ ಮಾಪಕಗಳೂ ಒಂದೇ ವಿಷಯವನ್ನು ಅಳೆಯುತ್ತಿವೆಯೆಂಬುದು ಈ ಲೆಕ್ಕದ ಆಧಾರ. ನಾಲ್ಕನ್ನು ದಿಣ್ಣೆಯಲ್ಲಿಯೂ ಒಂದನ್ನು ನೀರು ನಿಲ್ಲುವ ತಗ್ಗಿನಲ್ಲಿಯೂ ಹೂಳಿದರೆ, ಆ ಒಂದು ಹೇಳುವುದು ಸುಳ್ಳಲ್ಲವಾದರೂ ಲೆಕ್ಕವು ಅದನ್ನು ಸುಳ್ಳೆಂದೇ ತಳ್ಳಿಬಿಡುವುದು. ಒಂದೇ ಬಗೆಯ ಮಣ್ಣಿನಲ್ಲಿ, ಒಂದೇ ಆಳಕ್ಕೆ, ಬೇರಿನ ಮಟ್ಟದಲ್ಲಿ ಇವನ್ನು ಹೂಳಬೇಕು; ತಗ್ಗಿಗೆ ಬೇರೆಯ ಜೊತೆಯನ್ನೇ ಇಡಬೇಕು.