ಹೂ ಬಿಡದ ಬಳ್ಳಿಗೆ ಹೆಸರಿಡುವ ಜಗಳ

2021ರ ಜೂನ್‌ನಲ್ಲಿ ನ್ಯೂಜಿಲೆಂಡಿನ ಆನ್‌ಲೈನ್ ಹರಾಜಿನಲ್ಲಿ ಒಂಬತ್ತೇ ಎಲೆಗಳ ಬಳ್ಳಿಯೊಂದು 27,100 ನ್ಯೂಜಿಲೆಂಡ್ ಡಾಲರಿಗೆ ಬಿಕರಿಯಾಯಿತು. ರಾಫಿಡೊಫೊರಾ ಕುಲದ ಗಿಡ. ಎಲೆಯ ಮೇಲಿನ ಬಿಳಿ ಚಿತ್ತಾರಕ್ಕೇ ಅಷ್ಟು ಬೆಲೆ. ಅದರ ದಾಯಾದಿ, ಹಳದಿ ಚಿತ್ತಾರದ ಮನಿ ಪ್ಲಾಂಟ್, ನಮ್ಮ ಬಚ್ಚಲ ಕಿಟಕಿಗಳಲ್ಲಿ ಹಳೆಯ ಬಾಟಲಿಯ ನೀರೇ ಗತಿಯೆಂದು ಬದುಕಿದೆ. ಒಂದು ಕಾಲಕ್ಕೆ ಯುರೋಪಿನಲ್ಲಿ ಇದೂ ಹೊಸ ಬೆರಗೇ.

1880ರಲ್ಲಿ ಬೆಲ್ಜಿಯಂನ ಸಸ್ಯ ವ್ಯಾಪಾರಿ ಲಿಂಡೆನ್ ಮತ್ತು ಫ್ರಾನ್ಸಿನ ಆಂದ್ರೆ ಇದಕ್ಕೆ ಪೋಥಾಸ್ ಔರಿಯಸ್ ಎಂದು ಹೆಸರಿಟ್ಟರು. ತವರು ಸಾಲೊಮನ್ ದ್ವೀಪಗಳು ಎಂದು ದಾಖಲಾಯಿತು. ಅದು ತಪ್ಪಾಗಿತ್ತು, ನಿಜವಾದ ತವರು ಫ್ರೆಂಚ್ ಪಾಲಿನೇಷ್ಯಾದ ಮೊಓರಿಯಾ ಎಂದು ಎಷ್ಟೋ ಕಾಲದ ಮೇಲೆ ತಿಳಿಯಿತು.

ಹೆಸರೂ ನಿಲ್ಲಲಿಲ್ಲ. ಈ ವಂಶದ ಗಿಡಗಳ ಕುಲ ನಿರ್ಧಾರವಾಗುವುದು ಹೂವಿನ ಅಂಡಾಶಯ ನೋಡಿ. ಇದೋ ಹೂವನ್ನೇ ಬಿಡದು! ಜರ್ಮನಿಯ ಸಸ್ಯವಿಜ್ಞಾನಿ ಎಂಗ್ಲರ್ ಇದನ್ನು ಸಿಂಡಾಪ್ಸಸ್ ಕುಲಕ್ಕೆ ಸೇರಿಸಿದ. 1962ರಲ್ಲಿ ಅಪರೂಪಕ್ಕೊಂದು ಹೂ ಕಾಣಿಸಿಕೊಂಡದ್ದೇ ತಡ, ಅಮೆರಿಕದ ಬರ್ಡ್ಸಿ ಇದನ್ನು ರಾಫಿಡೊಫೊರಾಕ್ಕೆ ಎತ್ತಿಹಾಕಿದ. ಅಂದರೆ ಹರಾಜಿನ ಆ ಸಿರಿವಂತ ಬಳ್ಳಿಯ ಮನೆತನ ಇದಕ್ಕೂ ಕೊಂಚ ಕಾಲ ದಕ್ಕಿತ್ತು. 1964ರಲ್ಲಿ ಬಂಟಿಂಗ್ ಬಂದು ಅದನ್ನೂ ಕಿತ್ತುಕೊಂಡು ಎಪಿಪ್ರೆಮ್ನಮ್‌ಗೆ ದಾಟಿಸಿದ. ಮುಂದೆ ಇನ್ನೊಂದು ಜಾತಿಯೊಳಗೆ ಕರಗಿಸಿದರು, ಮತ್ತೆ ಬೇರ್ಪಡಿಸಿದರು. ಬಳ್ಳಿ ಮಾತ್ರ ಹೂ ತೋರಿಸದೆ ಸುಮ್ಮನಿತ್ತು. 2016ರಲ್ಲಿ ವಿಜ್ಞಾನಿಗಳು ಗುಟ್ಟು ಬಿಡಿಸಿದರು: ಹೂವಿಗೆ ಬೇಕಾದ ಜಿಬ್ಬರೆಲಿನ್ ಹಾರ್ಮೋನೇ ಇದರಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಅದನ್ನು ಸಿಂಪಡಿಸಿದರೆ ಹೂ ಬಂತು.

ಹೂವಿಲ್ಲ, ಬೀಜವಿಲ್ಲ, ಆದರೂ ಲೋಕವೆಲ್ಲ ಹಬ್ಬಿದ್ದು ಗೆಣ್ಣಿನ ಬಲದಿಂದ. ಎಲೆ ಕಾಂಡವನ್ನು ಸೇರುವಲ್ಲಿ ಕಂದು ಬಣ್ಣದ ಪುಟ್ಟ ಬೇರುಮೊಳೆಯಿದೆ. ಅದರ ಕೆಳಗೆ ಕತ್ತರಿಸಿ ನೀರಿಗಿಟ್ಟರೆ ಸಾಕು. ಕದ್ದು ತಂದ ತುಂಡೇ ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆಯೂ ನೆರವಾಗಿರಬೇಕು. ಇಷ್ಟು ಸಲೀಸಾಗಿ ಸಿಗುವುದಕ್ಕೆ ಯಾರು ಬೆಲೆ ಕೊಡುತ್ತಾರೆ?

ದುಬಾರಿ ಬಳ್ಳಿಗಳ ಬೆಲೆಯ ಗುಟ್ಟೂ ಇಲ್ಲೇ ಇದೆ. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತಿಲ್ಲ, ಅದು ಅನ್ನ ತಯಾರಿಸದು. ಹೀಗಾಗಿ ಗಿಡದ ಬೆಳವಣಿಗೆ ನಿಧಾನ, ತುಂಡುಗಳೂ ಕಡಿಮೆ. ಅಂಗಾಂಶ ಕೃಷಿಯ ಪ್ರಯೋಗಾಲಯಗಳು ಸಾವಿರಗಟ್ಟಲೆ ಸಸಿ ಎಬ್ಬಿಸಿದರೆ ಆ ಬೆಲೆಯೂ ಇಳಿಯುತ್ತದೆ.

ನನ್ನ ಸಿಟ್ಟು ಬೆಲೆಯ ಮೇಲಲ್ಲ, ಆರೈಕೆಯ ತಾರತಮ್ಯದ ಮೇಲೆ. ದುಬಾರಿ ಗಿಡಕ್ಕೆ ತೆಂಗಿನ ನಾರಿನ ಕಂಬ, ನೇರ ಬಿಸಿಲು ತಾಗದ ಒಳ್ಳೆಯ ಬೆಳಕು, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು, ಬರೀ ಹಸಿರು ಚಿಗುರು ಬಂದರೆ ಚಿತ್ತಾರದ ಎಲೆಯವರೆಗೆ ಸವರುವ ಶಿಸ್ತು. ಮನಿ ಪ್ಲಾಂಟನ್ನು ಕತ್ತಲ ಮೂಲೆಯಲ್ಲಿ ಜೋತುಬಿಟ್ಟು, ಹಳದಿ ಮಾಸಿ ಎಲೆ ಕುಗ್ಗಿದಾಗ ‘ಇದೇನು ಮಹಾ’ ಎನ್ನುತ್ತೇವೆ. ಮರ ಹತ್ತಲು ಬಿಟ್ಟರೆ ಇದರ ಎಲೆಯೂ ಮೊರದಗಲವಾಗಿ, ಅಂಚು ಸೀಳಿಕೊಂಡು ಹರಡುತ್ತದೆ. ಇದಕ್ಕೊಂದು ಕಂಬ ನೆಡದವರು ಬಿಳಿ ಚಿತ್ತಾರದ ಬಳ್ಳಿಗೆ ಸಾಲ ಮಾಡಬೇಕಿಲ್ಲ.