ಜಾರುವ ಗುಡ್ಡವೂ ಮನೆಯೊಡೆಯರ ಕರವೂ

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯು ಗುಡ್ಡಗಾಡಿನ ಊರುಗಳಿಗೆ ಒಪ್ಪುವಷ್ಟು ಮತ್ತಾವುದಕ್ಕೂ ಒಪ್ಪಲಾರದು. ಗುಡ್ಡ ಕುಸಿದ ಮರುದಿನ ಪರಿಹಾರದ ಹಣವು ಹೇಗೋ ಒದಗುವುದು. ಕುಸಿಯದಂತೆ ತಡೆಯುವುದಕ್ಕೆ ಮಾತ್ರ ಬೊಕ್ಕಸದಲ್ಲಿ ಕಾಸಿರುವುದಿಲ್ಲ. ಈ ತಡೆಯ ವೆಚ್ಚವನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನವು ಒಂದು ಉತ್ತರವನ್ನು ಕೊಟ್ಟು ನಾಲ್ಕು ದಶಕಗಳು ಮೀರಿವೆ. ಅದರ ಗುಣದೋಷಗಳೆರಡೂ ನಮ್ಮ ವಾಚಕರ ಲಕ್ಷ್ಯಕ್ಕೆ ಬರತಕ್ಕವುಗಳಾಗಿವೆ.

ಲಾಸ್ ಏಂಜಲೀಸ್ ಪ್ರಾಂತದ ಕಡಲದಂಡೆಯಲ್ಲಿ ಪಾಲೋಸ್ ವರ್ಡೀಸ್ ಎಂಬ ಗುಡ್ಡಸಾಲು ಉಂಟು. ಜ್ವಾಲಾಮುಖಿಯ ಬೂದಿಯಿಂದಾದ ಜೇಡಿಯ ಪದರಗಳು ಅಲ್ಲಿ ಕಡಲ ಕಡೆಗೆ ಓರೆಯಾಗಿ ಮಲಗಿವೆ. ನೀರಿಳಿದೊಡನೆ ಆ ಜೇಡಿಯು ನುಣುಪಾಗಿ ಮೇಲಿನ ನೆಲವು ಜಾರುವುದು. ಅಲ್ಲಿಯ ಪೋರ್ಚುಗೀಸ್ ಬೆಂಡ್ ಎಂಬ ಬಡಾವಣೆಯ ಮೇಲ್ಗಡೆ ಪ್ರಾಂತದ ಆಡಳಿತವು ರಸ್ತೆಯನ್ನು ಮುಂದುವರಿಸುತ್ತಿದ್ದಾಗ, 1956ರಲ್ಲಿ ನೆಲವು ಚಲಿಸತೊಡಗಿ ನೂರಕ್ಕೂ ಮಿಕ್ಕ ಮನೆಗಳು ಹಾಳಾದವು. ಮನೆಯೊಡೆಯರು ನ್ಯಾಯಸ್ಥಾನಕ್ಕೆ ಹೋದರು. ಅಜಾಗರೂಕತೆಯು ಸಿದ್ಧವಾಗದಿದ್ದರೂ, ಸಾರ್ವಜನಿಕ ಕಾಮಗಾರಿಯಿಂದಾದ ನಷ್ಟವನ್ನು ಪ್ರಾಂತವೇ ತುಂಬಿಕೊಡತಕ್ಕದ್ದೆಂದು ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು 1965ರಲ್ಲಿ ತೀರ್ಪಿತ್ತಿತು.

ಆದರೆ ತೀರ್ಪಿನಿಂದ ಗುಡ್ಡವು ನಿಲ್ಲುವುದಿಲ್ಲವಷ್ಟೆ. ನೆರೆಯ ಅಬಲೋನಿ ಕೋವ್ ಎಂಬಲ್ಲಿಯೂ ನೆಲ ಜಾರತೊಡಗಲು, 1979ರಲ್ಲಿ ಹೊಸ ಕಾಯಿದೆಯೊಂದು ಹುಟ್ಟಿತು. ಅಪಾಯದ ಪ್ರದೇಶದ ಭೂಮಾಲಿಕರು ತಾವೇ ಅರ್ಜಿ ಕೊಟ್ಟಾಗಲಿ, ಪುರಸಭೆಯ ನಿರ್ಣಯದಿಂದಾಗಲಿ ಒಂದು ಭೂವಿಪತ್ತು ನಿವಾರಣಾ ಮಂಡಲವನ್ನು ಏರ್ಪಡಿಸಿಕೊಳ್ಳಬಹುದು. ಅದಕ್ಕೆ ಮೊದಲು ಭೂಗರ್ಭಶಾಸ್ತ್ರಜ್ಞನು ತಡೆಯ ಯೋಜನೆಯನ್ನು ಸಿದ್ಧಪಡಿಸಬೇಕು. ಮಂಡಲವು ತನ್ನ ಎಲ್ಲೆಯೊಳಗಿನ ಆಸ್ತಿಗಳ ಮೇಲೆ ಕರ ಹಾಕಿ, ಬಾವಿ ತೋಡಿ ಅಂತರ್ಜಲವನ್ನು ಹೊರಕ್ಕೆತ್ತುವುದು, ಚರಂಡಿ ಕಟ್ಟುವುದು, ಇಳಿಜಾರನ್ನು ಕಾಯುವುದು ಮೊದಲಾದ ಕೆಲಸಗಳನ್ನು ನಡೆಸುವುದು. ಈ ಬಗೆಯ ಮೊದಲನೆಯ ಮಂಡಲವು ಅಬಲೋನಿ ಕೋವಿನಲ್ಲಿಯೇ ಸ್ಥಾಪಿತವಾಯಿತು. ಅದರ ಬಾವಿಗಳಿಂದ ಜಾರಿಕೆಯು ಬಹುವಾಗಿ ತಗ್ಗಿತು.

ಕರ ಹಾಕುವ ಅಧಿಕಾರಕ್ಕೆ ಅಂಕುಶವೂ ಇದೆ. 1996ರಲ್ಲಿ ಅಲ್ಲಿಯ ಮತದಾರರು ಒಪ್ಪಿದ ವಿಧಿಯಂತೆ, ಪ್ರತಿಯೊಂದು ಆಸ್ತಿಗೂ ಆಗುವ ವಿಶೇಷ ಪ್ರಯೋಜನದ ಪ್ರಮಾಣವನ್ನು ಮೀರಿ ಕರ ಹೊರಿಸುವಂತಿಲ್ಲ. ಊರಿಗೆಲ್ಲ ಆಗುವ ಪ್ರಯೋಜನದ ಪಾಲನ್ನು ಬೇರೆ ಹಣದಿಂದ ಭರಿಸಬೇಕು. ಮಾಲಿಕರಿಗೆ ಮತಪತ್ರ ಕಳುಹಿಸಿ, ಅವರವರ ಕರದ ಭಾರಕ್ಕೆ ತಕ್ಕಂತೆ ಎಣಿಸಿದಾಗ ವಿರೋಧವು ಹೆಚ್ಚಾದರೆ ಕರವು ಬಿದ್ದುಹೋಗುವುದು. ಸರ್ಕಾರದ ಆಸ್ತಿಗೂ ಸಾಮಾನ್ಯವಾಗಿ ವಿನಾಯಿತಿಯಿಲ್ಲ.

ಈ ಪದ್ಧತಿಯ ಮೇಲ್ಮೆಯನ್ನು ಅಲ್ಲಗಳೆಯಲಾಗದು. ನೀರು ಬೇಲಿಯ ಗಡಿಯನ್ನರಿಯದು. ಮೇಲಿನ ಮನೆಯವನ ಚರಂಡಿಯು ಕೆಳಗಿನವನ ಅಡಿಗಲ್ಲನ್ನು ಸಡಿಲಿಸುವುದು. ಒಬ್ಬನೇ ತಡೆಗೋಡೆ ಕಟ್ಟಿದರೆ ಫಲವಿಲ್ಲ, ಎಲ್ಲರೂ ಕೂಡಿದರೆ ಉಂಟು. ಆದರೆ ಇದರ ಮಿತಿಯೂ ಬಯಲಾಗಿದೆ. 2023 ಮತ್ತು 2024ರ ಭಾರಿ ಮಳೆಗಳ ತರುವಾಯ ಪೋರ್ಚುಗೀಸ್ ಬೆಂಡಿನ ನೆಲವು ಕೆಲವೆಡೆ ವಾರಕ್ಕೆ ಸುಮಾರು ಒಂದು ಅಡಿಯಂತೆ ಸರಿಯಿತು. ಮೊದಲು ತಿಳಿದಿದ್ದುದಕ್ಕಿಂತ ಬಹು ಆಳದಲ್ಲಿಯೂ ಜಾರುಪದರವಿರುವುದು ಗೊತ್ತಾಯಿತು. 2024ರಲ್ಲಿ ನೂರಾರು ಮನೆಗಳಿಗೆ ಅನಿಲವೋ ವಿದ್ಯುತ್ತೋ ನಿಂತುಹೋಯಿತು. ಆ ವರ್ಷದ ಅಕ್ಟೋಬರಿನಲ್ಲಿ ಮನೆಗಳನ್ನು ಕೊಂಡುಕೊಳ್ಳುವುದಕ್ಕಾಗಿ 4 ಕೋಟಿ 20 ಲಕ್ಷ ಡಾಲರುಗಳ ಯೋಜನೆಯನ್ನು ಸಾರಬೇಕಾಯಿತು. ಕೆಲವು ನೂರು ಮನೆಗಳ ಕರವು ಇಂತಹ ಗುಡ್ಡದ ಹೊರೆಯನ್ನು ತಾನೊಂದೇ ಹೊರಲಾರದು.

2018ರ ಆಗಸ್ಟಿನಲ್ಲಿ ಕೊಡಗು ಕಂಡ ಅನಾಹುತವನ್ನೂ, 2024ರ ಜುಲೈ 16ರಂದು ಶಿರೂರಿನ ಹೆದ್ದಾರಿಯ ಮೇಲೆ ಕುಸಿದ ಗುಡ್ಡವನ್ನೂ ನಮ್ಮ ಜನರು ಮರೆತಿಲ್ಲ. ನಮ್ಮ ಮಲೆನಾಡಿನ ಊರುಗಳಲ್ಲಿಯೂ ಇಂತಹ ಕರವನ್ನು ಹಾಕಬೇಕೆಂದರೆ, ಮೂರು ನಿಯಮಗಳು ಇರಲೇಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲನೆಯದಾಗಿ, ವಸೂಲಾದ ಹಣವು ಆ ಇಳಿಜಾರಿಗೇ ಸಲ್ಲಬೇಕು; ಪುರಸಭೆಯ ಸಾಮಾನ್ಯ ಖರ್ಚಿನಲ್ಲಿ ಕರಗಬಾರದು. ಎರಡನೆಯದಾಗಿ, ಗುಡ್ಡ ಕಡಿದು ನಿವೇಶನ ಮಾರುವವನು ಮಾರುವುದಕ್ಕೆ ಮುಂಚೆಯೇ ತನ್ನ ಪಾಲನ್ನು ಠೇವಣಿಯಿಡಬೇಕು. ಮೂರನೆಯದಾಗಿ, ರಸ್ತೆಗಾಗಿ ಗುಡ್ಡ ಕಡಿಸುವ ಸರ್ಕಾರವು ಆ ಪಾರ್ಶ್ವವನ್ನು ಕಾಯುವ ವೆಚ್ಚವನ್ನು ತಾನೇ ವಹಿಸಬೇಕು. ಇಳಿಜಾರಿನ ಅಡಿಯಲ್ಲಿ ಗುಡಿಸಲು ಕಟ್ಟಿಕೊಂಡ ಕೂಲಿಯವನ ಪಾಲನ್ನೂ ಅದೇ ತುಂಬಬೇಕು. ಬೇರೆ ನೆಲೆಯಿಲ್ಲದೆ ಅಲ್ಲಿಗೆ ಬಂದವನಿಂದ ಅಪಾಯದ ಬೆಲೆಯನ್ನು ವಸೂಲು ಮಾಡುವುದು ನ್ಯಾಯವಾಗಲಾರದು.

ಕರವೆಂದೊಡನೆ ಪೌರರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಮಳೆಗಾಲದ ಒಂದು ರಾತ್ರಿ ಕಳೆದುಹೋಗುವ ಮನೆಯ ಬೆಲೆಯೊಡನೆ ವರ್ಷದ ವಂತಿಗೆಯನ್ನು ತೂಗಿ ನೋಡಿದರೆ ಯಾವುದು ಭಾರವೆಂಬುದು ತಾನಾಗಿ ತಿಳಿಯುವುದು. ಲೆಕ್ಕವನ್ನು ಬಹಿರಂಗವಾಗಿಡುವ ಪುರಸಭೆಗೆ ಜನರು ಹಣ ಕೊಡಲು ಹಿಂಜರಿಯಲಾರರೆಂದು ನಾವು ನಂಬಿದ್ದೇವೆ. ಮುಂದಿನ ಮುಂಗಾರಿಗೆ ಮೊದಲೇ ಅಧಿಕಾರಿಗಳು ಈ ವಿಚಾರವನ್ನು ಕೈಗೆತ್ತಿಕೊಳ್ಳುವುದು ಲೇಸು.