ಸುಂಟರಗಾಳಿ ಬರುತ್ತದೆ ಎಂದರು, ಬಂದೇಬಿಟ್ಟಿತು!

ಅಮೆರಿಕದ ಓಕ್ಲಹೋಮಾದಲ್ಲಿರುವ ಟಿಂಕರ್ ವಾಯುನೆಲೆಗೆ ಐದೇ ದಿನಗಳ ಅಂತರದಲ್ಲಿ ಎರಡು ಸುಂಟರಗಾಳಿ ಅಪ್ಪಳಿಸಿದವು. 1948ರ ಮಾರ್ಚ್ 20ರ ರಾತ್ರಿ ಬಂದದ್ದರ ಸುಳಿವು ಯಾರಿಗೂ ಇರಲಿಲ್ಲ. ಬಯಲಲ್ಲಿ ನಿಂತಿದ್ದ ವಿಮಾನಗಳು ನಜ್ಜುಗುಜ್ಜಾದವು. ನೆಲೆಯ ಹವಾಮಾನ ಅಧಿಕಾರಿಗಳಾದ ಅರ್ನೆಸ್ಟ್ ಫಾಬುಷ್ ಮತ್ತು ರಾಬರ್ಟ್ ಮಿಲ್ಲರ್ ಹಳೆಯ ಸುಂಟರಗಾಳಿಗಳ ದಿನದ ಹವಾಮಾನ ನಕ್ಷೆಗಳನ್ನೆಲ್ಲ ಜಾಲಾಡಿದರು. ಮಾರ್ಚ್ 25ರಂದು ಮತ್ತೆ ಅವೇ ಲಕ್ಷಣಗಳು! ಮಧ್ಯಾಹ್ನವೇ ಎಚ್ಚರಿಕೆ ಹೊರಟಿತು. ಸಾಧ್ಯವಾದಷ್ಟು ವಿಮಾನಗಳನ್ನು ಹ್ಯಾಂಗರ್‌ಗೆ ತಳ್ಳಿದರು. ಸಂಜೆ ಆರರ ಸುಮಾರಿಗೆ ಸುಂಟರಗಾಳಿ ನೆಲೆಯ ಮೇಲೇ ಹಾದುಹೋಯಿತು. ಜನ ಗಾಬರಿಯಾದಾರೆಂದು ಮುನ್ಸೂಚನೆಯಲ್ಲಿ ಸುಂಟರಗಾಳಿಯ ಹೆಸರೆತ್ತಲೂ ಹಿಂಜರಿಯುತ್ತಿದ್ದ ಕಾಲವದು. ಆಗ ಅಂಥ ಎಚ್ಚರಿಕೆ ಕೊಡಲು ನಿಜಕ್ಕೂ ಎದೆಗಾರಿಕೆ ಬೇಕಿತ್ತು. ಯಶಸ್ವಿಯಾದ ಮೊದಲ ಆಧುನಿಕ ಸುಂಟರಗಾಳಿ ಮುನ್ಸೂಚನೆ ಅದೇ.